ನಾವುಂದದಿಂದ ಕೊಕ್ಕರ್ಣೆಗೆ ಹಾಡು ಹೊತ್ತುಕೊಂಡು ಹೋದದ್ದು

ನನ್ನ ಮೊಮ್ಮಗಳಿಗೆ ಕಿವಿ ಕೇಳುತ್ತದೆ! ಮೊದಲು ಇದನ್ನು ಹೇಳಿಬಿಡುತ್ತೇನೆ. ಬಸ್ಸು, ದಾರಿ, ಊಟ ಎಲ್ಲ ಆಮೇಲೆ. ಹುಟ್ಟಿ ನಾಲ್ಕು ವರ್ಷ ಗುಡುಗಿಗೂ ಕಣ್ಣು ಮಿಟುಕಿಸದಿದ್ದ ನಮ್ಮ ತನ್ವಿ, ಆಸ್ಪತ್ರೆಯಲ್ಲಿ ಡಾಕ್ಟರು ಬೆನ್ನ ಹಿಂದೆ ಮೇಜು ಕುಟ್ಟಿದಾಗ ತಿರುಗಿ ನೋಡಿದಳು. ಮಗಳು ಸುಮತಿ ಫೋನಿನಲ್ಲಿ, “ಅಪ್ಪಯ್ಯಾ, ಹೆಣ್ ತಿರ್ಗಿ ಕಂಡ್ಳ್” ಎಂದು ಇಷ್ಟೇ ಹೇಳಿ ಅತ್ತಳು. ನಾನೂ ಇಷ್ಟೇ ಕೇಳಿಸಿಕೊಂಡು, ಫೋನನ್ನು ಕಿವಿಗೆ ಒತ್ತಿಕೊಂಡು, ಬಲೆಯ ರಾಶಿಯ ನಡುವೆ ನಿಂತೇ ಇದ್ದೆ.

ತನ್ವಿಯ ತಲೆಗೆ ಆಪರೇಶನ್ ಆಗಿತ್ತು. ಒಳಗೆ ಏನೋ ಸಣ್ಣದು ಇಟ್ಟಿದ್ದಾರೆ. ಹೊರಗೆ ಕಿವಿಯ ಹಿಂದೆ ಒಂದು ಮಿಷಿನ್, ಅದರಿಂದ ಒಂದು ವಯರು, ವಯರಿನ ತುದಿಯಲ್ಲಿ ತಲೆಗೆ ಅಂಟಿಕೊಳ್ಳುವ ಬಿಲ್ಲೆ. ಗಾಯ ಮಾಗಿದ ಮೇಲೆ ಆ ಮಿಷಿನನ್ನು ಶುರು ಮಾಡಿದರು. ನನಗೆ ಅರ್ಥವಾದದ್ದು ಇಷ್ಟು. ನಾನು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು ದೋಣಿ ಹತ್ತಿದವ.

ಈಗ ದೋಣಿಯೂ ಇಲ್ಲ. ನಾವುಂದದ ಕಡಲ ಬದಿಯ ಶೆಡ್ಡಿನಲ್ಲಿ ನಾವು ಮೂವರು ಮುದುಕರು ಹರಿದ ಬಲೆ ಕಟ್ಟುತ್ತೇವೆ. ನಾನು, ಸೂರಣ್ಣ, ಗಣಪಣ್ಣ. ಬೆಳಿಗ್ಗೆ ಬಂದು ಕುಳಿತ ಕೂಡಲೇ ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು, ಈಗ ಯಾವ ಹಾಡು ಕೇಳುತ್ತಿದ್ದೀಯ ಎಂದು: “ಈಗ ಎಂತ ಕೇಂತಿದ್ದೆ?” ಯಾರು ಯಾವ ಹಾಡು ಹಿಡಿದುಕೊಂಡಿದ್ದಾರೋ ಅದನ್ನು ಗಣಪಣ್ಣನ ಸ್ಪೀಕರ್ ಪೆಟ್ಟಿಗೆಯಲ್ಲಿ ಹಾಕಬೇಕು, ಉಳಿದವರು ಬಾಯಿ ಮುಚ್ಚಿ ಕೇಳಬೇಕು, ಆಮೇಲೆ ಎಷ್ಟು ಬೇಕಾದರೂ ಬೈಯಬಹುದು. ಸೂರಣ್ಣನದು ಯಾವಾಗಲೂ ಯಕ್ಷಗಾನದ ಚಂಡೆ. ಹರೆಯದಲ್ಲಿ ಮುಂಬಯಿ ಹೋಟೆಲಿನಲ್ಲಿ ದುಡಿದ ಗಣಪಣ್ಣನದು ಹಳೆಯ ಹಿಂದಿ ಹಾಡು. ನನ್ನದು ಭಜನೆ. ಕಡಲು ಶೆಡ್ಡಿನ ಬಾಗಿಲಲ್ಲೇ ಇರುವುದರಿಂದ ಅಲೆಯ ಸದ್ದಿನ ಮೇಲೆ ಹಾಡು ಕೇಳಬೇಕಾದರೆ ಪೆಟ್ಟಿಗೆಯ ಸದ್ದಿನ ತಿರುಪನ್ನು ಕೊನೆಯವರೆಗೆ ತಿರುಗಿಸಿಯೇ ಇಡಬೇಕು. ಅದು ಯಾವತ್ತೂ ಹಾಗೆಯೇ ಇರುವುದು.

ಮಿಷಿನ್ ಶುರುವಾದ ಮೇಲೆ ನಮ್ಮ ಈ ಕೂಟಕ್ಕೆ ತನ್ವಿಯೂ ಸೇರಿದಳು. ಯಾವುದಾದರೂ ಸದ್ದು ಕೇಳಿದರೆ ಕಿವಿ ಮುಟ್ಟಿಕೊಂಡು, ಸದ್ದು ಬಂದ ಕಡೆಗೆ ಬೆರಳು ತೋರಿಸಬೇಕೆಂದು ಆಸ್ಪತ್ರೆಯ ಟೀಚರು ಅವಳಿಗೆ ಕಲಿಸಿದ್ದರು. ಸುಮತಿ ದಿನವೂ ಫೋನ್ ಮಾಡಿ ವರದಿ ಒಪ್ಪಿಸುತ್ತಿದ್ದಳು. ಬೆಳಿಗ್ಗೆ ಸೂರಣ್ಣ ಬಲೆ ಬಿಡಿಸುವ ಮೊದಲೇ ಕೇಳುವುದು, “ತನ್ವಿ ಈಗ ಎಂತ ಕೇಂತಿತ್ತಾ?” ಒಂದು ದಿನ ಕುಕ್ಕರಿನ ಸೀಟಿ. ಮರುದಿನ ಕಾಗೆ. ಮೂವರೂ ಕೆಲಸ ನಿಲ್ಲಿಸಿ ಆ ಕಾಗೆಯ ವಿಷಯ ಮಾತಾಡಿದೆವು.

ಹಾಗಾದರೆ ಹುಡುಗಿ ಮೊದಲು ಕೇಳಬೇಕಾದ ಹಾಡು ಯಾವುದು? ಇದರ ಮೇಲೆ ಜಗಳವೇ ಆಯಿತು.

“ಮೊದ್ಲ್ ಚಂಡೆ. ಚಂಡೆ ಕೇಂಡ್ರೆ ಕಿವಿ ಪೂರ್ತಿ ತೆರಿತ್” ಎಂದ ಸೂರಣ್ಣ.

“ನಿನ್ ಚಂಡೆಗ್ ಇದ್ದ್ ಕಿವಿಯೂ ಹೋತ್ತ್ ಮಾರಾಯ” ಎಂದ ಗಣಪಣ್ಣ.

ಕೊನೆಗೆ ಗಣಪಣ್ಣನೇ ಮೂವರ ಹಾಡನ್ನೂ ಪೆಟ್ಟಿಗೆಗೆ ತುಂಬಿಸಿ ನನ್ನ ಕೈಗೆ ಕೊಟ್ಟ. “ಗುಂಡಿ ಒತ್ತ್, ಸಾಕ್. ನಾವ್ ಕೊಟ್ಟದ್ದ್ ಅಂದೇಳಿ ಹೇಳ್” ಎಂದ. ಅವನು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ತನ್ವಿ ನಮ್ಮ ಮನೆಗೆ ಬಂದಾಗಲೆಲ್ಲ ನಾನು ಜಗಲಿಯಲ್ಲಿ ಭಜನೆಗೆ ಕುಳಿತದ್ದು ಕಂಡರೆ ಸಾಕು, ಓಡಿ ಬಂದು ನನ್ನ ಬೆನ್ನಿಗೆ ತನ್ನ ಬೆನ್ನು ಒರಗಿಸಿ ಕುಳಿತುಕೊಳ್ಳುವಳು. ಭಜನೆ ಮುಗಿದರೆ ಎದ್ದು ಹೋಗುವಳು. “ಅದ್ಕ್ ಬೆನ್ನಂಗ್ ಕಿವಿ ಇತ್ತ್ ಕಾಣಿ” ಎಂದು ನನ್ನ ಹೆಂಡತಿ ಗುಲಾಬಿ ಹೇಳುತ್ತಿದ್ದಳು. ನನ್ನ ಹಾಡು, ಅದರ ಅದುರು, ಅವಳ ಬೆನ್ನಿಗೆ ಗೊತ್ತು. ಕಿವಿಗೆ ಗೊತ್ತಾಗಬೇಕು. ಅದೊಂದು ಆಸೆ ಇಟ್ಟುಕೊಂಡು ಶನಿವಾರ ಬೆಳಿಗ್ಗೆ ಗುಲಾಬಿಯನ್ನು ಕರೆದುಕೊಂಡು ಹೊರಟೆ.

ಮಳೆಗಾಲ ಮುಗಿದು ಬಿಸಿಲು ಚುರುಕಾಗಿತ್ತು. ಗುಲಾಬಿಯ ಚೀಲದಲ್ಲಿ ಒಣ ಸೀಗಡಿ, ಮಂಜುಗಡ್ಡೆಯ ಡಬ್ಬಿಯಲ್ಲಿ ಕಾಣೆ ಮೀನು. ಅಳಿಯ ರಾಘವನದು ಕೊಕ್ಕರ್ಣೆಯಲ್ಲಿ ಮೀನಿನ ಅಂಗಡಿ.

“ಮೀನಂಗಡಿಯವ್ರ ಮನಿಗ್ ಮೀನ್ ಹೊತ್ಕಂಡ್ ಹೋಪುದಾ?” ಎಂದೆ.

“ನೀವ್ ಪೆಟ್ಗಿ ಹೊತ್ಕಂಡ್ ಬನಿ, ನಾನ್ ಮೀನ್ ಹೊತ್ಕಂಡ್ ಬತ್ತೆ. ಯಾರ್ದ್ ಖರ್ಚಾತ್ತ್ ಕಾಂಬ” ಎಂದಳು.

ಕುಂದಾಪುರದ ಬಸ್ಸಿನಲ್ಲಿ ಗುಲಾಬಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು. ನಾನು ಹಿಂದೆ. ನನ್ನ ಪಕ್ಕದಲ್ಲಿ ಒಬ್ಬ ಕಾಲೇಜು ಹುಡುಗಿ ಕಿವಿಗೆ ವಯರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು. ಮರವಂತೆಯಲ್ಲಿ ಬಲಕ್ಕೆ ಕಡಲು, ಎಡಕ್ಕೆ ಹೊಳೆ ಬಂದರೂ ಅವಳು ಕಣ್ಣು ತೆರೆಯಲಿಲ್ಲ. ಶೆಡ್ಡಿನ ಅಭ್ಯಾಸ ನೋಡಿ, ನನ್ನ ಬಾಯಿಯಿಂದ ತಾನಾಗಿ ಬಂದುಬಿಟ್ಟಿತು: “ಈಗ ಎಂತ ಕೇಂತಿದ್ದೆ ಮಗಾ?”

ಹುಡುಗಿ ಗಾಬರಿಯಾಗಿ ನೋಡಿದಳು. ಮತ್ತೆ ನಕ್ಕು, ಒಂದು ವಯರು ತೆಗೆದು ಶಾಲಿನ ತುದಿಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. ಕಿವಿಗೆ ಇಟ್ಟುಕೊಂಡೆ. ಕೊಳಲು, ಬರೀ ಕೊಳಲು. ಮಾತಿಲ್ಲ, ತಾಳವೂ ಇಲ್ಲ. ಬಹಳ ಸಣ್ಣ ಸದ್ದು. ಬಸ್ಸಿನ ಗದ್ದಲದಲ್ಲಿ ಅದನ್ನು ಹುಡುಕಿ ಹಿಡಿಯಬೇಕಿತ್ತು.

“ಇಷ್ಟ್ ಮೆಲ್ಲಗ್ ಇಟ್ಕಂಡ್ರೆ ಎಂತ ಕೇಂತ್ ನಿಂಗೆ?”

“ಮೆಲ್ಲಗ್ ಇಟ್ರೇ ಕೇಂಬುದ್ ಅಜ್ಜ. ಜೋರ್ ಇಟ್ರೆ ಇದ್ ಓಡಿ ಹೋತ್ತ್. ಪರೀಕ್ಷೆ ದಿನ ನಂಗೆ ಇದೇ.”

ನಾನು ತನ್ವಿಯ ಕತೆ ಹೇಳಿದೆ. ಹೆಮ್ಮಾಡಿ ದಾಟಿದ ಮೇಲೆ ಹುಡುಗಿ ನನ್ನ ಮೊಬೈಲು ಕೇಳಿ ತೆಗೆದುಕೊಂಡು ಆ ಕೊಳಲನ್ನು ಅದಕ್ಕೆ ಕಳಿಸಿದಳು. “ಅವ್ಳಿಗ್ ಕೊಡಿ” ಎಂದಳು. ಕುಂದಾಪುರದಲ್ಲಿ ಇಳಿಯುವಾಗ ಹೆಸರು ಕೇಳಲು ಮರೆತೆ.

ಕುಂದಾಪುರದ ನಿಲ್ದಾಣದ ಹತ್ತಿರ ಬನ್ಸ್ ತಿಂದು ಚಾ ಕುಡಿದೆವು. ಬನ್ಸ್ ಬಿಸಿಯಾಗಿತ್ತು, ರುಚಿಯೂ ಇತ್ತು. ಎದುರು ಕುಳಿತಿದ್ದ ಯಾರೋ ನಾನು ತಿನ್ನುವುದನ್ನೇ ನೋಡಿ ಮುಗುಳ್ನಕ್ಕ. ನಮ್ಮ ಕಡೆಯವನಿರಬೇಕೆಂದು ನಾನೂ ತಲೆಯಾಡಿಸಿದೆ. “ಯಾರ್ ಅವ?” ಎಂದು ಗುಲಾಬಿಯನ್ನು ಕೇಳಿದರೆ, “ನಂಗೆಂತ ಗೊತ್ತಿತ್ತ್, ನೀವ್ ತಿನ್ನಿ” ಎಂದು ಮುಖ ಆಚೆ ತಿರುಗಿಸಿದಳು.

ಅಲ್ಲಿಂದ ಬ್ರಹ್ಮಾವರಕ್ಕೆ ಹೆದ್ದಾರಿಯ ಬಸ್ಸು ಗಾಳಿಯ ಹಾಗೆ ಹೋಯಿತು. ಬ್ರಹ್ಮಾವರದಲ್ಲಿ ಕೊಕ್ಕರ್ಣೆಯ ಬಸ್ಸಿಗೆ ತುಂಬ ಹೊತ್ತು ಕಾಯಬೇಕಾಯಿತು. ಬಸ್ಸು ಪೂರ್ವಕ್ಕೆ ತಿರುಗಿದ ಮೇಲೆ ಗಾಳಿಯಲ್ಲಿ ಉಪ್ಪಿನ ವಾಸನೆ ಹೋಗಿ ಭತ್ತದ ವಾಸನೆ ಬಂತು. ಗದ್ದೆಗಳು ಹಳದಿಯಾಗಿದ್ದವು, ಕೆಲವು ಕಡೆ ಕೊಯ್ಲು ಶುರುವಾಗಿತ್ತು.

ಕಂಡಕ್ಟರನಿಗೆ ನನ್ನ ತೊಡೆಯ ಮೇಲಿನ ಪೆಟ್ಟಿಗೆಯ ಮೇಲೆ ಕಣ್ಣು. “ಹ್ವಾಯ್ ಅಜ್ಜ, ಒಂದ್ ಹಾಡ್ ಹಾಕಿನಿ ಕಾಂಬ. ನಮ್ ಬಸ್ಸಿಂದ್ ಹಾಳಾಯಿ ವಾರ ಆಯ್ತ್.”

“ಇಲ್ಲೆ. ಇದ್ ಮೊದ್ಲ್ ಕೇಂಬುದ್ ನನ್ ಮೊಮ್ಮಗ್ಳ್” ಎಂದೆ. ಯಾಕೆ ಎಂದ, ಹೇಳಿದೆ. ಬಸ್ಸಿನಲ್ಲಿ ಇದ್ದ ನಾಲ್ಕಾರು ಜನವೂ ತಿರುಗಿ ಕುಳಿತರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು, “ಹಂಗಾರೆ ಹಾಕುದ್ ಬೇಡ. ನಾವ್ ಎಂಜಲ್ ಮಾಡುದ್ ಬೇಡ” ಎಂದ.

ಅಳಿಯನ ಮನೆ ತಲುಪುವಾಗ ಮಧ್ಯಾಹ್ನವಾಗಿತ್ತು. ತನ್ವಿ ಅಂಗಳದಲ್ಲೇ ಇದ್ದಳು. ಕೂದಲಿನ ನಡುವೆ ಬಿಲ್ಲೆ, ಕಿವಿಯ ಹಿಂದೆ ಮಿಷಿನ್. “ತನ್ವೀ” ಎಂದು ಕೂಗಿದೆ. ಓಡಿ ಬಂದಳು. ನೋಡಿ ಬಂದಳೋ ಕೇಳಿ ಬಂದಳೋ ನನಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳುವ ಆತುರ ನೋಡಿ, ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ. ಪೆಟ್ಟಿಗೆಯನ್ನು ಜಗಲಿಯ ಮೇಲೆ ಇಟ್ಟು, ಅವಳನ್ನು ಎದುರು ನಿಲ್ಲಿಸಿ ಗುಂಡಿ ಒತ್ತಿದೆ.

ಸೂರಣ್ಣನ ಚಂಡೆ. ತಿರುಪು ಕಡಲಿನ ಲೆಕ್ಕದಲ್ಲೇ ಇತ್ತು. ಆದರೆ ಅಲ್ಲಿ ಕಡಲಿರಲಿಲ್ಲ.

ಮಗು ಕಿಟಾರನೆ ಕಿರುಚಿದಳು. ಎರಡೂ ಕೈಯಿಂದ ತಲೆಯ ಬಿಲ್ಲೆ ಕಿತ್ತು, ಮಿಷಿನನ್ನು ಎಳೆದು ಅಂಗಳಕ್ಕೆ ಎಸೆದು ಒಳಗೆ ಓಡಿದಳು.

“ಅಪ್ಪಯ್ಯಾ, ಎಂತ ಮಾಡ್ತ್ರಿ!” ಎಂದು ಸುಮತಿ ಪೆಟ್ಟಿಗೆ ಆರಿಸಿದಳು. ರಾಘವ ಓಡಿಹೋಗಿ ಮಿಷಿನ್ ಹೆಕ್ಕಿ, ಧೂಳು ಊದಿ ನೋಡಿದ. “ಲೈಟ್ ಉರಿತಿತ್ತ್. ಹಾಳಾಯ್ಲ ಮಾವ, ಹೆದ್ರಬೇಡಿ” ಎಂದ. ಬೈದಿದ್ದರೆ ಚೆನ್ನಾಗಿತ್ತು.

ಸುಮತಿ ಅಡಿಗೆ ಮನೆಯ ಬಾಗಿಲಲ್ಲಿ ಕುಳಿತು ಹೇಳಿದಳು. ಮಗುವಿಗೆ ಸದ್ದು ಎಂದರೆ ಏನೆಂದೇ ಗೊತ್ತಿಲ್ಲ, ಒಂದೊಂದೇ, ಸಣ್ಣದಾಗಿ ಕೊಡಬೇಕೆಂದು ಟೀಚರು ಹೇಳಿದ್ದರಂತೆ. ಮಿಷಿನ್ ತಲೆಯ ಮೇಲೆ ಇದ್ದಷ್ಟು ಹೊತ್ತು ಮಾತ್ರ ಕಲಿಯುವುದು, ಹೆದರಿ ತೆಗೆದಿಟ್ಟರೆ ಆಪರೇಶನ್ನೂ ನೀರುಪಾಲಾದ ಹಾಗೆ. “ದಿನಾ ಚೂರ್ ಚೂರ್ ಒಗ್ಸಿದ್ದೆ ಅಪ್ಪಯ್ಯ. ಈಗ ಮಿಷಿನ್ ಕಂಡ್ರೇ ಓಡ್ತ್. ಮತ್ತೆ ಹಾಕ್ಕಂಬುದೇ ಇಲ್ಲ ಅಂದ್ರೆ ನಾನ್ ಎಂತ ಮಾಡುದ್?” ಅವಳು ಮಿಷಿನ್ ಹಿಡಿದು ಹೋದರೆ ತನ್ವಿ ಮಂಚದ ಅಡಿಯಿಂದ ಹೊರಗೆ ಬರಲಿಲ್ಲ. ಗುಲಾಬಿ ಹೋದಳು, ರಾಘವ ಹೋದ. ಇಲ್ಲ. ಊಟಕ್ಕೂ ಬರಲಿಲ್ಲ. ನಾನೂ ಉಣ್ಣಲಿಲ್ಲ.

ನಾನು ಹಿಂದಿನ ಜಗಲಿಗೆ ಹೋಗಿ ಗದ್ದೆಯ ಕಡೆಗೆ ಮುಖ ಮಾಡಿ ಕುಳಿತೆ. ನಾಲ್ಕು ವರ್ಷ ಕಾದು ಬಂದ ಕಿವಿಯನ್ನು ಒಂದು ಗುಂಡಿ ಒತ್ತಿ ಮುಚ್ಚಿಸಿಬಿಟ್ಟೆನೇ ಎಂದು ಒಂದೇ ಯೋಚನೆ. ಮೊಬೈಲಿನಲ್ಲಿ ಆ ಹುಡುಗಿಯ ಕೊಳಲು ಇತ್ತು. ಅದನ್ನೂ ಮುಟ್ಟುವ ಧೈರ್ಯವಾಗಲಿಲ್ಲ. ದೇವರಲ್ಲಿ ಕೇಳಿಕೊಳ್ಳಲು ನನಗೆ ಬೇರೆ ಮಾತು ಬರುವುದಿಲ್ಲ, ನಮ್ಮ ಕೇರಿಯ ಭಜನೆಯೇ ಬರುವುದು. ಅದನ್ನೇ ಗಂಟಲಲ್ಲಿ ಹೇಳಿಕೊಳ್ಳುತ್ತ ಕುಳಿತೆ.

ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ನನ್ನ ಬೆನ್ನಿಗೆ ಏನೋ ಬೆಚ್ಚಗೆ ತಾಗಿತು.

ನಾನು ತಿರುಗಲಿಲ್ಲ, ನಿಲ್ಲಿಸಲೂ ಇಲ್ಲ. ಅವಳ ಸಣ್ಣ ಬೆನ್ನುಮೂಳೆ ನನ್ನ ಬೆನ್ನಿಗೆ ಒತ್ತಿಕೊಂಡಿತು. ಒಂದು ಭಜನೆ ಮುಗಿದು ಇನ್ನೊಂದು ಶುರು ಮಾಡಿದೆ. ನಡುವೆ ಅವಳು ಎದ್ದು ಹೋದಳು. ಹೋಯಿತು, ಇಷ್ಟೇ, ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು. ಹಿಂದೆ ಸುಮತಿಯೂ ಇದ್ದಳು. ಮಿಷಿನ್ ಇಟ್ಟಿದ್ದ ಡಬ್ಬಿಯನ್ನು ತನ್ವಿಯೇ ಕಪಾಟಿನಿಂದ ತೆಗೆಸಿ, ಅಮ್ಮನ ಕೈಯಲ್ಲಿ ಹಿಡಿಸಿ, ಸೆರಗು ಹಿಡಿದು ಎಳೆದುಕೊಂಡು ಬಂದಿದ್ದಳು. ಸುಮತಿ ತುಟಿ ಕಚ್ಚಿಕೊಂಡು ಮಿಷಿನ್ ಸಿಕ್ಕಿಸಿದಳು, ಬಿಲ್ಲೆ ಅಂಟಿಸಿದಳು. “ಮೆಲ್ಲಗೆ ಅಪ್ಪಯ್ಯ” ಎಂದು ಪಿಸುಗುಟ್ಟಿದಳು.

ಹಾಡಿದೆ. ಕೂಸಿಗೆ ಗಂಜಿ ಆರಿಸಿ ಕೊಡುವ ಹಾಗೆ ಸಣ್ಣಕ್ಕೆ ಹಾಡಿದೆ. ಬೆನ್ನಿಗೆ ತಾಗಿದ್ದ ಬೆನ್ನು ಸೆಟೆಯಿತು. ಎದ್ದು ನನ್ನ ಎದುರಿಗೆ ಬಂದು ನಿಂತು ಬಾಯಿ ನೋಡಿದಳು. ಮತ್ತೆ ಹಿಂದೆ ಹೋಗಿ ಬೆನ್ನು ಕೊಟ್ಟಳು. ಮತ್ತೆ ಎದುರಿಗೆ. ಬೆನ್ನಿನಲ್ಲಿ ಇರುವುದೂ ಇದೇ, ಕಿವಿಯಲ್ಲಿ ಇರುವುದೂ ಇದೇ ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡುವವಳ ಹಾಗೆ. ಎಷ್ಟು ಸಲ ಸುತ್ತಿದಳೋ. ಕೊನೆಗೆ ಎದುರಿಗೇ ಕುಳಿತಳು. ನಾನು ನಿಲ್ಲಿಸಿದರೆ ನನ್ನ ಗಲ್ಲ ತಟ್ಟುವಳು. ಗಂಟಲು ಒಣಗುವವರೆಗೆ ಹಾಡಿದೆ. ಸುಮತಿ ಕಂಬ ಹಿಡಿದು ನಿಂತಿದ್ದಳು, ಗುಲಾಬಿ ಅವಳ ತಲೆ ನೇವರಿಸುತ್ತಿದ್ದಳು.

ಸಂಜೆ ರಾಘವ ಅಂಗಡಿ ಬೇಗ ಮುಚ್ಚಿ ಬಂದ. ಗುಲಾಬಿಯ ಕಾಣೆ ಮೀನು ಎಣ್ಣೆಯಲ್ಲಿ ಚುರುಗುಟ್ಟುವಾಗ ತನ್ವಿ ಕಿವಿ ಮುಟ್ಟಿಕೊಂಡು ಒಲೆಯ ಕಡೆಗೆ ಬೆರಳು ತೋರಿಸಿದಳು. ಎಲ್ಲರೂ ನಿಂತು ಮೀನಿನ ಸದ್ದು ಕೇಳಿದೆವು. “ಕಾಣಿ, ನನ್ ಮೀನೂ ಹಾಡ್ತ್” ಎಂದಳು ಗುಲಾಬಿ. “ನಿಮ್ ಪೆಟ್ಗಿಗಿಂತ ಲಾಯ್ಕ್.”

ಎಲ್ಲರೂ ಸುತ್ತ ಕುಳಿತೆವು. ಕುಚ್ಚಲಕ್ಕಿ ಅನ್ನ, ಸೀಗಡಿ ಚಟ್ನಿ, ಕಾಣೆ ಫ್ರೈ. ಮಧ್ಯಾಹ್ನದ ಹಸಿವೂ ಸೇರಿತ್ತು. ನನ್ನ ಎದುರು ತನ್ವಿ. ಎರಡು ತುತ್ತು ತಿಂದಿರಬೇಕು, ಅವಳು ಕೈ ಕಿವಿಗೆ ಇಟ್ಟು ನಮ್ಮ ಕಡೆಗೆ ಬೆರಳು ತೋರಿಸಿದಳು. ಊಟ ನಿಲ್ಲಿಸಿ ಕಿವಿಗೊಟ್ಟೆವು. ಏನೂ ಇಲ್ಲ. ರಾಘವ ಎದ್ದು ಫ್ಯಾನು ಆರಿಸಿದ. ಏನೂ ಇಲ್ಲ. ತನ್ವಿಯೂ ಬೆರಳು ಇಳಿಸಿದಳು. ಮತ್ತೆ ಉಣ್ಣಲು ಶುರು ಮಾಡಿದೆವು, ಮತ್ತೆ ಬೆರಳು. ಈ ಸಲ ಅದು ಸೀದಾ ನನ್ನ ಕಡೆಗೆ.

ಸುಮತಿಗೆ ನಗು ತಡೆಯಲಾಗಲಿಲ್ಲ. “ಅಪ್ಪಯ್ಯಾ, ನೀವೇ! ಉಂಬಾಗ ಮೂಗಂಗ್ ರಾಗ ಎಳಿತ್ರಿ.”

“ನಾನಾ?”

“ನೀವೇ. ನಾನ್ ಸಣ್ಣ್ ಇಪ್ಪಾಗ್ಳೂ ಹಂಗೇ.”

ನಾನು ಗುಲಾಬಿಯ ಮುಖ ನೋಡಿದೆ. ಕುಂದಾಪುರದ ಹೋಟೆಲಿನಲ್ಲಿ ನಕ್ಕವನ ನೆನಪಾಯಿತು. “ಇಷ್ಟ್ ವರ್ಷ ಒಂದ್ ಮಾತ್ ಹೇಳ್ಲಿಲ್ಲ ಅಲ್ದಾ ನೀನ್?”

ಅವಳು ಮೀನಿನ ಮುಳ್ಳು ಬಿಡಿಸುತ್ತ, ತಲೆ ಎತ್ತದೆ ಹೇಳಿದಳು: “ಹೇಳ್ರೆ ನೀವ್ ನಿಲ್ಸ್ತಿದ್ರಿ.”

ತನ್ವಿ ಅನ್ನದ ಕೈಯನ್ನು ಹಾಗೇ ಹಿಡಿದು, ಇನ್ನೊಂದು ಕೈಯನ್ನು ಕಿವಿಯ ಮೇಲಿಟ್ಟು ಕಾಯುತ್ತಿದ್ದಳು. ಬೇಕೆಂದೇ ರಾಗ ಎಳೆಯಲು ಹೋದರೆ ಬರಲೇ ಇಲ್ಲ. “ಉಣ್ಣಿ ಸುಮ್ನೆ” ಎಂದಳು ಗುಲಾಬಿ. ಉಂಡೆ. ಮೀನಿನ ರುಚಿಯಲ್ಲಿ ಯಾವಾಗ ಮರೆತೆನೋ, ಎದುರಿನ ಬೆರಳು ಮೇಲೆ ಬಂತು.

ಹೊಟ್ಟೆ ತುಂಬಿತ್ತು. ಆದರೂ ಸುಮತಿಗೆ ಬಟ್ಟಲು ಚಾಚಿ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡೆ.