ಕೇಳಿದವರಿಗೆ ಒಂದು ವೋಟು

ಮೂವತ್ತು ವರ್ಷ ಒಂದೇ ಪಕ್ಷಕ್ಕೆ ದುಡಿದವನು ನಾನು. ಹೀಗೆ ಹೇಳಿಕೊಳ್ಳುವಾಗ ಎದೆ ಸ್ವಲ್ಪ ಉಬ್ಬುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಯಾಕೆಂದರೆ ಈ ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ನಾನು ಎದುರು ಪಕ್ಷಕ್ಕೆ ವೋಟು ಹಾಕಿದ್ದೇನೆ. ಹಾಕಿದ್ದು ಹೋಗಲಿ, ಆ ಸಲ ನಮ್ಮ ಪಕ್ಷದಿಂದ ನಿಂತಿದ್ದವಳು ನನ್ನ ಸ್ವಂತ ಹೆಂಡತಿ.

ಥೂ, ಎಂಥ ಗಂಡಸು ಎಂದು ನೀವು ಪುಸ್ತಕ ಮುಚ್ಚುವ ಮೊದಲು ನಮ್ಮೂರ ರಾಜಕೀಯವನ್ನು ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಶೆಟ್ಟಿಕೊಪ್ಪದ ಸುತ್ತಿನಲ್ಲಿ ಪಕ್ಷವೆಂಬುದು ಗೋತ್ರದ ಹಾಗೆ ಹುಟ್ಟುವಾಗಲೇ ಬರುತ್ತಿತ್ತು. ಅಪ್ಪ ಯಾವುದೋ ಮಗನೂ ಅದೇ. ಸೊಸೆ ಹೊಸ್ತಿಲು ದಾಟಿದೊಡನೆ ತವರಿನ ಪಕ್ಷ ಬಿಟ್ಟು ಗಂಡನ ಪಕ್ಷಕ್ಕೆ ಸೇರುತ್ತಿದ್ದಳು. ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ ನಿಜ, ಆದರೆ ಕೊಡೆ ಯಾವ ಪಕ್ಷ, ತಕ್ಕಡಿ ಯಾವ ಪಕ್ಷ ಎಂದು ಕೊಟ್ಟಿಗೆಯ ದನಕ್ಕೂ ಗೊತ್ತಿರುತ್ತಿತ್ತು. ವೋಟು ಕೇಳಲು ನಮ್ಮಲ್ಲಿ ಪ್ರತ್ಯೇಕ ಪಟ್ಟಿಯೂ ಇರಲಿಲ್ಲ. ನನ್ನ ತಂಗಿಯ ಮದುವೆಗೆ ಮನೆಮನೆಗೂ ಹೋಗಿ ಊಟಕ್ಕೆ ಹೇಳಿಕೆ ಮಾಡಲು ಒಂದು ಪುಸ್ತಕ ಬರೆದಿದ್ದೆವು. ನಾನು ಪ್ರತಿ ಚುನಾವಣೆಗೂ ಅದನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದೆ. ಊಟಕ್ಕೆ ಕರೆದವರು ವೋಟು ಹಾಕದೆ ಎಲ್ಲಿಗೆ ಹೋಗುತ್ತಾರೆ ಎಂಬುದು ನನ್ನ ರಾಜ್ಯಶಾಸ್ತ್ರ.

ಆದರೆ ಊರು ಆ ಪುಸ್ತಕದೊಳಗೆ ಕೂತಿರಲಿಲ್ಲ. ಕೇರಳದಿಂದ ಬಂದವರು ಗುಡ್ಡದ ಮೇಲೆ ರಬ್ಬರ್ ಹಾಕಿದರು. ಘಟ್ಟದ ಕೆಳಗಿನಿಂದ ಕೆಲವರು ಅಂಗಡಿ ಇಡಲು ಬಂದರು. ಇನ್ನು ಕೆಲವರು ಶುಂಠಿ ಹಾಕಲು ಬಂದು, ಶುಂಠಿ ಮುಗಿದರೂ ಇಲ್ಲೇ ಉಳಿದರು. ನಾವು ಅವರನ್ನೆಲ್ಲ ಒಟ್ಟಾಗಿ 'ಹೊಸಬರು' ಎನ್ನುತ್ತಿದ್ದೆವು. ಅವರು ಬಂದು ಇಪ್ಪತ್ತೈದು ವರ್ಷವಾಗಿತ್ತು, ಮಕ್ಕಳು ನಮ್ಮ ಮಕ್ಕಳಿಗಿಂತ ಚೆನ್ನಾಗಿ ಕನ್ನಡ ಪದ್ಯ ಹೇಳುತ್ತಿದ್ದವು, ಆದರೂ ಹೊಸಬರೇ. ಕಾಫಿ ಅರಬ್ಬರ ನಾಡಿನದು, ಮೆಣಸಿನಕಾಯಿ ಕಡಲಾಚೆಯದು, ಪಪ್ಪಾಯಿ ಎಲ್ಲಿಯದೋ. ಅವುಗಳ ಹತ್ತಿರ ಯಾರೂ ರೇಷನ್ ಕಾರ್ಡ್ ಕೇಳಿದ್ದಿಲ್ಲ. ಒಮ್ಮೆ ನಾನು ಜಗಲಿಯಲ್ಲಿ ಕೂತು ಹೊರಗಿನವರ ಬಗ್ಗೆ ಉದ್ದಕ್ಕೆ ಭಾಷಣ ಬಿಗಿಯುತ್ತಿದ್ದಾಗ ನಮ್ಮ ತೋಟದ ಕೆಲಸದ ಪುಟ್ಟಯ್ಯ ಎಲೆಯಡಿಕೆ ಉಗಿದು ಬಂದು, "ನಿಮ್ಮ ಮುತ್ತಜ್ಜ ಕಮ್ಮರಡಿಯಿಂದ ಗಾಡಿ ಹೊಡ್ಕೊಂಡು ಬಂದಾಗ ನಮ್ಮಜ್ಜನೂ ಹಿಂಗೇ ಹೇಳ್ತಿದ್ನಂತೆ ಗೌಡ್ರೆ" ಎಂದ. ನಾನು ಮಾತು ಬದಲಿಸಿ ಅಡಿಕೆ ಒಣಗಿತಾ ಎಂದು ಕೇಳಿದೆ.

ಹೊಸ ಶತಮಾನ ಶುರುವಾದ ಹೊತ್ತಿಗೆ ನಮ್ಮ ಸ್ಥಾನ ಹೆಂಗಸರಿಗೆ ಮೀಸಲಾಯಿತು. ಪಕ್ಷದವರು ನನ್ನ ಹೆಂಡತಿ ವಿಶಾಲಾಕ್ಷಿಯನ್ನು ನಿಲ್ಲಿಸಿದರು. ಅಂದರೆ ನನ್ನನ್ನು ಕೇಳಿದರು, ನಾನು ಹೂಂ ಎಂದೆ. ಆದರೆ ನಿಂತ ಮೇಲೆ ಅವಳಿಗೆ ನಿಜವಾಗಿ ಗೆಲ್ಲುವ ಆಸೆ ಹುಟ್ಟಿತು. "ಇಷ್ಟು ವರ್ಷ ಎಲ್ಲ ನನ್ನ 'ಗೌಡ್ರ ಮನೆಯವ್ರು' ಅಂತಾನೆ ಕರ್ದಿದ್ದು. ಒಂದ್ಸಲ ನನ್ನ ಹೆಸ್ರು ಹಿಡ್ದು ಕರೀಲಿ" ಎಂದಳು. ಆ ಮಾತು ನನಗೆ ಹಿಡಿಸಿತು, ಸ್ವಲ್ಪ ನಾಚಿಕೆಯೂ ಆಯಿತು. ಗೆಲ್ಲಿಸಿಯೇ ಸೈ ಎಂದು ಪುಸ್ತಕ ಹಿಡಿದು ಹೊರಟೆ.

ಎದುರು ಪಕ್ಷ ರೋಸಮ್ಮನನ್ನು ನಿಲ್ಲಿಸಿತ್ತು. ಗುಡ್ಡದ ಮೇಲಿನವಳು, ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ. ಅವಳಿಗೆ ಯಾರು ಯಾರಿಗೆ ಭಾವ, ಯಾರ ಮನೆಗೂ ಯಾರ ಮನೆಗೂ ಮಾತಿಲ್ಲ ಎಂಬ ನಮ್ಮ ಪುರಾಣ ಒಂದೂ ಗೊತ್ತಿರಲಿಲ್ಲ. ಹಾಗಾಗಿ ರಸ್ತೆಯ ಒಂದು ತುದಿಯಿಂದ ಶುರುಮಾಡಿ ಒಂದು ಮನೆಯನ್ನೂ ಬಿಡದೆ ಬಂದಳು. ಒಂದು ಬೆಳಗ್ಗೆ ನಮ್ಮ ಅಂಗಳಕ್ಕೂ ಬಂದಳು! ನಾನು ದಂಗಾದೆ.

"ದಾರಿ ತಪ್ಪಿತಾ ಏನಮ್ಮ?" ಎಂದೆ.

"ಇಲ್ಲ ಸಾರ್. ಅಕ್ಕ ನಿಂತಿದ್ದಾರೆ, ಗೊತ್ತು. ಆದ್ರೆ ಮನೆ ಮುಂದೆ ಬಂದು ಕೇಳದೆ ಹೋದ್ರೆ ಮರ್ಯಾದೆ ಅಲ್ಲ ಅಲ್ವಾ? ನಿಮ್ಮದೊಂದು ವೋಟು ನನಗೆ ಬೇಕು" ಎಂದು ಕೈಮುಗಿದಳು.

ವಿಶಾಲು ಒಳಗಿನಿಂದ ಕಾಫಿ ತಂದುಕೊಟ್ಟಳು. ಇಬ್ಬರೂ ರವಿಕೆಯ ತೋಳಿನ ಅಳತೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನಾನು ಮಾತ್ರ ಕಂಬಕ್ಕೆ ಒರಗಿ ಕೂತೇ ಇದ್ದೆ. ನನ್ನ ಜನ್ಮದಲ್ಲಿ ಯಾರೂ ನನ್ನ ಹತ್ತಿರ ವೋಟು ಕೇಳಿರಲಿಲ್ಲ, ಮಾರಾಯ್ರೇ! ನಮ್ಮ ಪಕ್ಷದವರಿಗೆ ನಾನು ಹೇಗೂ ಇದ್ದವನೇ, ಆ ಪಕ್ಷದವರಿಗೆ ಹೇಗೂ ಇಲ್ಲದವನು. ಇಡೀ ಊರಿನ ವೋಟು ಕೇಳಿ ಚಪ್ಪಲಿ ಸವೆಸಿದವನ ವೋಟು ಯಾರಿಗೂ ಬೇಕಾಗಿರಲಿಲ್ಲ.

ಮತಗಟ್ಟೆಯಲ್ಲಿ ಮುದ್ರೆ ಹಿಡಿದು ನಿಂತಾಗ ವಿಶಾಲುವಿನ ಕೊಡೆಯ ಚಿಹ್ನೆ ಕಂಡಿತು, ಪಕ್ಕದಲ್ಲಿ ರೋಸಮ್ಮ ಈ ಸಲ ತಕ್ಕಡಿ ಬಿಟ್ಟು ಕೇಳಿ ಪಡೆದಿದ್ದ ಹೊಲಿಗೆ ಯಂತ್ರವೂ ಕಂಡಿತು. ವಿಶಾಲು ಗೆಲ್ಲುವುದು ಖಂಡಿತ, ಒಂದು ವೋಟಿನಿಂದ ಏನಾಗುತ್ತದೆ, ಪಾಪ, ಕೇಳಿದ್ದಾಳಲ್ಲ ಎಂದುಕೊಂಡೆ. ಕೈ ಹೋಗಿ ಹೊಲಿಗೆ ಯಂತ್ರದ ಮೇಲೆ ಒತ್ತಿತು.

ನರಸಿಂಹರಾಜಪುರದಲ್ಲಿ ಎಣಿಕೆ. ವಿಶಾಲು ಸೋತಳು. ಒಂದೇ ಒಂದು ವೋಟಿನಿಂದ. ಮತ್ತೆ ಎಣಿಸಿದರು, ಮತ್ತೂ ಒಂದೇ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನನಗೆ ಅಲ್ಲೇ ಇಳಿದು ಭದ್ರಾ ಹಿನ್ನೀರಿಗೆ ಹಾರಿಬಿಡಲಾ ಅನ್ನಿಸಿತು.

ಮರುವಾರ ತಾಲ್ಲೂಕಿನ ನಾಯಕರು ಸೋಲಿನ ವಿಮರ್ಶೆಗೆಂದು ನಮ್ಮ ಜಗಲಿಗೇ ಬಂದರು. ಜನಸಂಖ್ಯೆಯ ಸ್ವರೂಪ ಬದಲಾಗಿದೆ, ವಲಸೆ ಬಂದವರ ಮತ ಇಡಿಯಾಗಿ ಆ ಕಡೆ ಬಿದ್ದಿದೆ, ರಾಜ್ಯದಲ್ಲೆಲ್ಲ ಇದೇ ಕಥೆ ಎಂದು ಗಂಭೀರವಾಗಿ ವಿವರಿಸಿದರು. ನಾನು ಹೌದು ಹೌದು ಎಂದು ತಲೆದೂಗುತ್ತಿದ್ದೆ. ಅಂಗಳದಲ್ಲಿದ್ದ ಪುಟ್ಟಯ್ಯ, "ಅವ್ರ ಮನೆಗೆ ಯಾರ್ ಹೋಗಿದ್ರು? ನಮ್ಮನೆಗಾದ್ರೂ ಎಲ್ಲಿ ಬಂದ್ರಿ? ಚಪ್ಪರ ಹಾಕೋಕೆ ಕರೀತೀರಿ, ಅಷ್ಟೆ" ಎಂದ. ನಾಯಕರು ಕೇಳಿಸದವರಂತೆ ಕೆಮ್ಮಿದರು.

ಅಷ್ಟರಲ್ಲಿ ಕಾಫಿ ತಂದ ವಿಶಾಲು ತಟ್ಟೆ ಕೆಳಗಿಟ್ಟು, "ವಲಸೆನೂ ಇಲ್ಲ ಎಂತದೂ ಇಲ್ಲ. ನಾನೇ ರೋಸಮ್ಮಂಗೆ ಹಾಕ್ದೆ" ಎಂದಳು. "ನಂಗೆ ನಾನೇ ಹಾಕ್ಕೊಳ್ಳೋದು ಸರಿ ಕಾಣ್ಲಿಲ್ಲ. ಪಂಕ್ತಿಲಿ ಕೂತೋರು ತಾವೇ ಬಡಿಸ್ಕೊಳ್ತಾರಾ?"

ಎಲ್ಲರೂ ನನ್ನ ಕಡೆ ಕರುಣೆಯಿಂದ ನೋಡಿದರು. ಸುಮ್ಮನಿದ್ದರೆ ಬಚಾವಾಗುತ್ತಿದ್ದೆ. ಆದರೆ ಅವಳು ಅಷ್ಟು ಧೈರ್ಯವಾಗಿ ನಿಂತಿರುವಾಗ ತಡೆಯಲಾಗಲಿಲ್ಲ. "ನಾನೂ ಅವಳಿಗೇ ಹಾಕಿದ್ದು" ಎಂದೆ.

ವಿಶಾಲುವಿನ ಮುಖ ಕೆಂಪಾಯಿತು. "ನಾ ಹಾಕಿದ್ದು ಮರ್ಯಾದೆಗೆ. ನಿಮಗೇನಾಗಿತ್ತು ರೋಗ?"

"ಅವಳು ಕೇಳಿದ್ಲು."

"ನಾನು ಕೇಳ್ಲಿಲ್ವಾ?"

"ಇಲ್ಲ."

ಅವಳು ಕಾಫಿ ಅಲ್ಲೇ ಬಿಟ್ಟು ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಹೊಸ ರವಿಕೆ ಹೊಲಿಸಲು ರೋಸಮ್ಮನ ಅಂಗಡಿಗೆ ಹೋದಳು.

ಐದು ವರ್ಷದಲ್ಲಿ ಏನೇನೋ ಆಯಿತು. ಎದುರು ಪಕ್ಷದವರ ಜೊತೆ ಜಗಳವಾಗಿ ರೋಸಮ್ಮ ನಮ್ಮ ಪಕ್ಷಕ್ಕೆ ಬಂದಳು. ಅವಳು ಬಂದಳೆಂದು ಮುನಿಸಿಕೊಂಡು ನನ್ನ ಹೇಳಿಕೆ ಪುಸ್ತಕದ ಅರ್ಧ ನೆಂಟರು ಆ ಪಕ್ಷಕ್ಕೆ ಹೋದರು. ಕಿಗ್ಗದ ಭಾವ ಈಗಲೂ ಫೋನು ಮಾಡಿದಾಗ ಯಾರು ಯಾವ ಕಡೆ ಎಂದು ಮೊದಲು ಕೇಳಿಕೊಂಡೇ ಮಾತು ಶುರುಮಾಡುತ್ತಾನೆ. ಸ್ಥಾನ ಮತ್ತೆ ಹೆಂಗಸರಿಗೇ ಬಂತು. ವಿಶಾಲು ನಿಂತಳು, ಈ ಸಲ ನನ್ನನ್ನು ಕೇಳದೆ. ಗುಡ್ಡದ ಮನೆಗಳಿಗೂ ಪುಟ್ಟಯ್ಯನ ಕೇರಿಗೂ ಅವಳೇ ನಡೆದು ಹೋದಳು, ಗೆದ್ದಳೂ ಸಹ. ಈಗ ಬಸ್ ಕಂಡಕ್ಟರ್ ಕೂಡ ಅವಳನ್ನು "ವಿಶಾಲಾಕ್ಷಮ್ಮ" ಎನ್ನುತ್ತಾನೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಪ್ರಚಾರದ ಮೊದಲ ದಿನ. ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. ವಿಶಾಲು ಹಿತ್ತಲ ಬಾಗಿಲಿನಿಂದ ಹೊರಟು, ಚಪ್ಪಲಿ ಮೆಟ್ಟಿ, ಇಡೀ ಮನೆ ಸುತ್ತಿಕೊಂಡು, ರೋಸಮ್ಮನ ಜೊತೆ ಎದುರಿನ ಅಂಗಳಕ್ಕೆ ಬಂದು ನಿಂತಳು. ಗುರುತೇ ಇಲ್ಲದವಳಂತೆ ನನಗೆ ಕೈಮುಗಿದು, "ನಾನು ಪಂಚಾಯ್ತಿಗೆ ನಿಂತಿದೀನಿ. ನಿಮ್ಮದೊಂದು ವೋಟು ನಂಗೆ ಕೊಡ್ಬೇಕು" ಎಂದಳು.

ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಆದರೂ ಮತದಾರನಿಗೊಂದು ಘನತೆ ಬೇಡವೇ? ಪೇಪರ್ ಮಡಿಸಿ, ಗಂಟಲು ಸರಿಮಾಡಿಕೊಂಡು ಹೇಳಿದೆ:

"ನೋಡುವ ತಾಯಿ. ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ."