ಮೈನಸ್ ಎಂಟರ ಮರೆಯಲ್ಲಿ

ಟಪ್.

ಐವತ್ತು ವರ್ಷ ಹಳೆಯ ಸದ್ದು ಇದು, ನನ್ನ ಕನ್ನಡಕದ ಪೆಟ್ಟಿಗೆ ಮುಚ್ಚಿಕೊಳ್ಳುವ ಸದ್ದು. ಈಗಿನ ಪೆಟ್ಟಿಗೆಗಳು ಬಹಳ ಸಭ್ಯ. ಅಂಚಿಗೆ ಮ್ಯಾಗ್ನೆಟ್ ಕೂಡಿಸಿಕೊಂಡು ಮೆತ್ತಗೆ ಬಾಯಿ ಮುಚ್ಚಿಕೊಳ್ಳುತ್ತವೆ. ಆಗಿನದು ತಗಡು, ಮೇಲೆ ಕರಿ ರೆಕ್ಸಿನ್, ಒಳಗೊಂದು ಸ್ಪ್ರಿಂಗ್. ಇಲಿಬೋನಿನ ಹಾಗೆ ಬಡಿದುಕೊಳ್ಳುತ್ತಿತ್ತು. ಬೊರಿವಲಿಯಿಂದ ಚರ್ಚ್‌ಗೇಟಿಗೆ ಹೊರಡುವ ಬೆಳಗಿನ ಸ್ಲೋ ಲೋಕಲ್‌ನಲ್ಲಿ, ಲೇಡೀಸ್ ಕಂಪಾರ್ಟ್‌ಮೆಂಟಿನ ಕಿಟಕಿ ಸೀಟು ಹಿಡಿದು ಕೂತು, ನಿಲ್ಲುವವರು ಹೆಚ್ಚಾದ ಕೂಡಲೇ ನಾನು ಕನ್ನಡಕ ತೆಗೆದು ಅದರೊಳಗಿಟ್ಟು, ಟಪ್ಪೆಂದು ಮುಚ್ಚಿ, ಪರ್ಸಿಗೆ ಹಾಕಿಬಿಡುತ್ತಿದ್ದೆ. ಎದುರು ಕೂತವರು ಪಾಪ, ಕಣ್ಣು ನೋಯುತ್ತದೇನೋ ಎಂದುಕೊಳ್ಳುತ್ತಿದ್ದರು. ನಾನೂ ಹಾಗೆಂದೇ ಹೇಳುತ್ತಿದ್ದೆ.

ಕಣ್ಣು ನೋಯುತ್ತಿರಲಿಲ್ಲ. ನನ್ನ ನಂಬರ್ ಮೈನಸ್ ಎಂಟು. ಕನ್ನಡಕ ತೆಗೆದರೆ ಮುಂದೆ ನಿಂತ ಹೆಂಗಸರೆಲ್ಲ ಬಣ್ಣದ ಮುದ್ದೆಗಳು. ನಮ್ಮ ಲೋಕಲ್‌ನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವಳು ತುದಿಗೆ ಕೂರುವುದು ಒಂದು ಹಕ್ಕು. ಬಸುರಿಗೆ, ಮುದುಕಿಗೆ, ಮಗು ಎತ್ತಿಕೊಂಡವಳಿಗೆ ಎದ್ದು ಜಾಗ ಕೊಡುವುದು ಇನ್ನೂ ದೊಡ್ಡ ಧರ್ಮ. ಆದರೆ ಬಣ್ಣದ ಮುದ್ದೆಗೆ ಯಾರಾದರೂ ಎದ್ದು ಸೀಟು ಬಿಟ್ಟುಕೊಡುತ್ತಾರೆಯೇ? ಮುದ್ದೆ ಬಸುರಿಯೂ ಅಲ್ಲ, ಮುದುಕಿಯೂ ಅಲ್ಲ. ನಾನು ಅತ್ಯಂತ ನಿರ್ದೋಷಿಯಾಗಿ, ಚರ್ಚ್‌ಗೇಟಿನವರೆಗೂ ಕಿಟಕಿಯ ಗಾಳಿ ಕುಡಿಯುತ್ತಾ ಹೋಗುತ್ತಿದ್ದೆ.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನ ಮಗಳ ಮಗಳು ನಿಧಿ. ಇಪ್ಪತ್ತನಾಲ್ಕು ವರ್ಷ, ಮಲಾಡಿನಲ್ಲಿ ಕೆಲಸ, ಮೈನಸ್ ಐದು. ಮೈನಸ್ಸುಗಳು ನಮ್ಮ ಮನೆಯಲ್ಲಿ ಬಂಗಾರದ ಬಳೆಗಳಂತೆ ತಾಯಿಯಿಂದ ಮಗಳಿಗೆ ಇಳಿದು ಬರುತ್ತವೆ. ಅವಳಿಗೆ ಲೇಸರ್ ಮಾಡಿಸಿಕೊಳ್ಳುವ ಹುಚ್ಚು ಹಿಡಿಯಿತು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ದಿನವಿಡೀ ಎಸಿಯಲ್ಲಿ ಕೂತರೆ ಕಣ್ಣು ಉರಿಯುತ್ತದಂತೆ. ಕನ್ನಡಕ ಹಾಕಿದರೆ ಮಾಸ್ತರಣಿಯ ಹಾಗೆ ಕಾಣುತ್ತಾಳಂತೆ. “ಅಜ್ಜಿ, ನೀನು ಬಾ ನಾ ನನ್ ಜೊತೆ. ಮಮ್ಮಿಗೆ ಮೀಟಿಂಗ್ ಇದೆ. ಅಕೇಲೇ ಹೋದ್ರೆ ನನಗೆ ಚಕ್ಕರ್ ಬರ್ತದೆ,” ಎಂದಳು. ಒಬ್ಬಳೇ ಹೋದರೆ ತಲೆ ಸುತ್ತುತ್ತದಂತೆ. ಹೋದೆ.

ಕಾಂಟ್ಯಾಕ್ಟ್ ಲೆನ್ಸಿನ ಬಗ್ಗೆ ನನ್ನದೂ ಒಂದು ಇತಿಹಾಸ ಉಂಟು. ಮದುವೆಯಾದ ಹೊಸತರಲ್ಲಿ ಆಫೀಸಿನ ಹುಡುಗಿಯರನ್ನು ನೋಡಿ ನಾನೂ ಒಂದು ಜೊತೆ ಮಾಡಿಸಿಕೊಂಡೆ. ಅದಕ್ಕೊಂದು ಪುಟ್ಟ ಪ್ಲಾಸ್ಟಿಕ್ ಕರಂಡಕ, ಎಡಕ್ಕೊಂದು ಗುಳಿ, ಬಲಕ್ಕೊಂದು ಗುಳಿ, ಎರಡಕ್ಕೂ ಮುಚ್ಚಳ. ದಹಿಸರಿನ ಮನೆಯಲ್ಲಿ ನಮ್ಮ ಅತ್ತೆ ಅದನ್ನು ಬೇಸಿನ್ ಪಕ್ಕ ಕಂಡರು. ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ಬಿಲ್ಡಿಂಗಿನ ಮರಾಠಿ ಹೆಂಗಸರು ಹಳದಿ-ಕುಂಕುಮಕ್ಕೆ ಕರೆದು ಇಂಥವೇ ಪ್ಲಾಸ್ಟಿಕ್ ಸಾಮಾನುಗಳನ್ನು ಕೈಗಿಡುವ ಕಾಲ. ಅತ್ತೆ ಒಳಗಿನ ನೀರು ಚೆಲ್ಲಿ, ಒರೆಸಿ, ಎಡಕ್ಕೆ ಅರಿಶಿನ ಬಲಕ್ಕೆ ಕುಂಕುಮ ತುಂಬಿ ದೇವರ ಮುಂದೆ ಇಟ್ಟಿದ್ದರು. “ಎಷ್ಟು ಚೆಂದ ಉಂಟು ಮಾರಾಯ್ತಿ, ಮೇಲೆ ಇಂಗ್ಲಿಷ್ ಅಕ್ಷರ ಬೇರೆ!” ಎಂದು ನನಗೇ ತೋರಿಸಿದರು. ನನ್ನ ಲೆನ್ಸುಗಳು ಆಗಲೇ ಮೋರಿಯಲ್ಲಿ ಅರಬ್ಬೀ ಸಮುದ್ರದತ್ತ ಪ್ರಯಾಣ ಹೊರಟಿದ್ದವು. ನಾನು ಬಾಯಿ ಬಿಡಲಿಲ್ಲ. ಲೆನ್ಸ್ ಯಾಕೆ ಬೇಕಿತ್ತು ಎಂದು ಕೇಳಿದರೆ ಚಂದ ಕಾಣಲಿಕ್ಕೆ ಎನ್ನಬೇಕಾಗುತ್ತಿತ್ತಲ್ಲ. ಮರಳಿ ಕನ್ನಡಕಕ್ಕೇ ಬಂದೆ.

ಕ್ಲಿನಿಕ್ಕಿನಲ್ಲಿ ನಿಧಿಯ ಕಣ್ಣನ್ನು ಐದಾರು ಮೆಷೀನುಗಳ ಮುಂದೆ ಹಿಡಿದರು. ಕಣ್ಣಿನ ಮುಂಭಾಗದ ಗಾಜಿನಂಥ ಪದರ ಸಾಕಷ್ಟು ದಪ್ಪ ಇದ್ದರೆ ಮಾತ್ರ ಲೇಸರ್‌ನಿಂದ ಅದನ್ನು ಹದವಾಗಿ ಕೆತ್ತಬಹುದಂತೆ. ಇವಳದು ದಪ್ಪವಾಗಿಯೇ ಇತ್ತು. “ಚರ್ಮವೂ ಹಾಗೇ,” ಎಂದೆ. ಯಾರೂ ನಗಲಿಲ್ಲ. ಮುಂದಿನ ವಾರ ಕೆಲಸ ಆಗಿಯೇ ಹೋಯಿತು. ಮಾರನೆಯ ಬೆಳಗ್ಗೆ ಹಾಸಿಗೆಯಲ್ಲಿ ಮಲಗಿದ್ದ ಹಾಗೇ ಕೂಗಿದಳು: “ಅಜ್ಜೀ! ಫ್ಯಾನ್ ಮೇಲೆ ಎಷ್ಟು ಧೂಳ್ ಇದೆ, ಯಾರ್! ಇಷ್ಟು ದಿವಸ ಯಾರೂ ಸಾಫ್ ಮಾಡಿಲ್ವಾ?” ದಿವ್ಯದೃಷ್ಟಿ ಬಂದವಳು ಮೊದಲು ಕಂಡದ್ದು ನನ್ನ ಮನೆಗೆಲಸದ ಕೊರತೆಯನ್ನು.

ಅವಳ ಚೆಕಪ್ಪಿಗೆಂದು ಮತ್ತೆ ಹೋದಾಗ ಡಾಕ್ಟರ್ ನನ್ನ ಕಡೆ ತಿರುಗಿದರು. ಮರಾಠಿ ಹುಡುಗಿ, ಬಹಳ ಚುರುಕು. ಸುಮ್ಮನೆ ಕೂತಿದ್ದ ನನ್ನನ್ನೂ ಮೆಷೀನಿನ ಮುಂದೆ ಗಲ್ಲ ಇಡಿಸಿ ನೋಡಿ, “ಆಜಿ, ನಿಮಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಇವಳಿಗೆ ಮಾಡಿದ ಲೇಸರ್ ನಿಮ್ಮ ವಯಸ್ಸಿಗಲ್ಲ. ಆದರೆ ಪೊರೆ ತೆಗೆಯುವಾಗ ನಿಮ್ಮ ನಂಬರಿನ ಲೆನ್ಸನ್ನು ಕಣ್ಣೊಳಗೇ ಕೂಡಿಸಿಬಿಡುತ್ತೇವೆ. ಅದಕ್ಕೂ ಈಗ ಲೇಸರ್ ಇದೆ. ಓದುವುದಕ್ಕೊಂದು ಸಣ್ಣ ಕನ್ನಡಕ ಬೇಕಾದೀತು, ಅಷ್ಟೇ. ದೂರದ್ದೆಲ್ಲ ಬರಿಗಣ್ಣಿಗೆ ಕಾಣುತ್ತದೆ,” ಎಂದರು.

“ಸಬ್ ಕುಛ್ ದಿಖೇಗಾ, ಆಂಟೀಜೀ!” ಎಂದಳು ಪಕ್ಕದಲ್ಲಿದ್ದ ಕೌನ್ಸೆಲರ್. ಎಲ್ಲ ಕಾಣುತ್ತದೆ ಎನ್ನುವುದು ಅವಳ ಪ್ರಕಾರ ಆಮಿಷ. ಗುರುವಾರದೊಳಗೆ ಹೌದು ಅಥವಾ ಇಲ್ಲ ಹೇಳಿ ಎಂದರು.

ಮನೆಯಲ್ಲಿ ಮಗಳು, ಅಳಿಯ, ನಿಧಿ ಮೂವರೂ ಒಂದೇ ಪಕ್ಷ. “ಅಜ್ಜಿ, ಡರ್ ಲಗ್ತಾ ಹೈ ಕ್ಯಾ? ಹತ್ತು ಮಿನಿಟ್ ಕಾ ಕಾಮ್ ಅದು. ನನ್ನನ್ನು ನೋಡು ನಾ!” ನಾನು ಭಯ ಎಂದೆ. ಸಕ್ಕರೆ ಕಾಯಿಲೆ ಎಂದೆ. ಮಳೆಗಾಲ ಮುಗಿಯಲಿ ಎಂದೆ. ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಐವತ್ತು ವರ್ಷಗಳಿಂದ ನನ್ನ ಪರವಾಗಿ ಸಾಕ್ಷಿ ಹೇಳುತ್ತಾ ಬಂದದ್ದು ಈ ಕನ್ನಡಕ ಒಂದೇ. ಅದನ್ನು ಕಳೆದುಕೊಂಡರೆ ನನ್ನ ಕೇಸು ಬಿದ್ದುಹೋಗುತ್ತದೆ.

ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಕ್ಯಾಥೊಲಿಕ್ ಹುಡುಗಿಯರು ಶನಿವಾರ ಕನ್‌ಫೆಶನ್ನಿಗೆ ಹೋಗುವಾಗ ನಮಗೆ, ಹಿಂದೂ ಹುಡುಗಿಯರಿಗೆ, ಬಹಳ ಹೊಟ್ಟೆಕಿಚ್ಚು. ಮರದ ಜಾಲರಿಯ ಹಿಂದೆ ಮುಖ ಕಾಣದ ಫಾದರ್. ಇತ್ತ ಮಂಡಿಯೂರಿ ಪಾಪ ಒಪ್ಪಿಸಿದರೆ ಐದು ನಿಮಿಷದಲ್ಲಿ ಖುಲಾಸೆ. ನಮಗೋ, ಮಾಡಿದ್ದೆಲ್ಲ ಮುಂದಿನ ಜನ್ಮದವರೆಗೂ ಕ್ಯಾರಿ ಫಾರ್ವರ್ಡ್. ಮಾರಲ್ ಸೈನ್ಸಿನ ಸಿಸ್ಟರ್ ಪಾಪದಲ್ಲಿ ಎರಡು ಬಗೆ ಎನ್ನುತ್ತಿದ್ದರು, ಮಾಡಿದ್ದು ಮತ್ತು ಮಾಡದೆ ಬಿಟ್ಟದ್ದು. ಕಂಡೂ ಕಾಣದಂತಿದ್ದದ್ದು ಯಾವ ಖಾನೆಗೆ ಸೇರುತ್ತದೆ ಎಂದು ಆಗ ಕೇಳಲು ತೋಚಲಿಲ್ಲ. ಆಗ ನನಗೆ ಅದರ ಅಗತ್ಯವೂ ಇರಲಿಲ್ಲ.

ಅಗತ್ಯ ಬಿದ್ದದ್ದು ಜಲಜ ಚಿಕ್ಕಮ್ಮನ ವಿಷಯದಲ್ಲಿ. ಅವಳು ನನ್ನ ಅಮ್ಮನ ತಂಗಿ. ಬಿ.ಎ. ಮುಗಿಸಿ ಕೆಲಸ ಹುಡುಕಿಕೊಂಡು ಬಂದ ನನ್ನನ್ನು ಮಲಾಡಿನ ಚಾಳಿನಲ್ಲಿ, ವಠಾರದಂಥ ಕಟ್ಟಡದ ಒಂದೇ ಕೋಣೆಯಲ್ಲಿ, ನಾಲ್ಕು ವರ್ಷ ಇಟ್ಟುಕೊಂಡಳು. ಚಿಕ್ಕಪ್ಪ ಹೋಟೆಲಿನಲ್ಲಿ ಕೆಲಸಕ್ಕಿದ್ದು ಅಲ್ಲೇ ಮಲಗುತ್ತಿದ್ದರು; ಕೋಣೆಯಲ್ಲಿ ಚಿಕ್ಕಮ್ಮ, ಅವಳ ಮಗ, ನಾನು, ಮತ್ತು ನೂರಾರು ಹಪ್ಪಳ. ಉದ್ದಿನದು, ಹೆಸರಿನದು, ಹಲಸಿನದು. ಹಗ್ಗದ ಮೇಲೆ, ಮಂಚದ ಮೇಲೆ, ಹಳೆ ಸೀರೆಯ ಮೇಲೆ. ನಾನು ಟೈಪಿಂಗ್ ಟೆಸ್ಟಿಗೆ ಹೋಗುವಾಗ ನನ್ನ ಸೀರೆಗೂ ಇಂಗಿನ ವಾಸನೆ. ಅವುಗಳನ್ನು ಎರಡು ಚೀಲಗಳಲ್ಲಿ ತುಂಬಿ ಪಾರ್ಲೆ, ಅಂಧೇರಿಯ ಮನೆಗಳಿಗೆ ಕೊಟ್ಟು ಬರುತ್ತಿದ್ದಳು. ನನ್ನ ಮದುವೆಗೂ ಅವಳೇ ಓಡಾಡಿದಳು.

ಮದುವೆಯಾಗಿ ದಹಿಸರಿಗೆ ಬಂದ ಮೇಲೆ ನನಗೊಂದು ಟ್ರೇನ್ ಗ್ರೂಪ್ ಸಿಕ್ಕಿತು. ಎಲ್ಲರೂ ಫೋರ್ಟಿನ ಆಫೀಸುಗಳಲ್ಲಿ ಸೆಕ್ರೆಟರಿಗಳು, ಬಾಯಿ ತೆರೆದರೆ ಇಂಗ್ಲಿಷ್. ಶಿರೀನ್ ಎಂಬವಳು ಲೀಡರ್. ವಿನೋದಿನಿಯಾಗಿದ್ದ ನಾನು ಅವರಿಗೆ ವಿನ್ನಿ. ಮದುವೆಗೆ ಮುಂಚೆ ಎಲ್ಲಿದ್ದೆ ಎಂದು ಕೇಳಿದಾಗ “ಆಂಟಿಯ ಫ್ಲ್ಯಾಟಿನಲ್ಲಿ” ಎಂದುಬಿಟ್ಟೆ. ಸಣ್ಣ ಸುಳ್ಳು. ಸಾರ್ವಜನಿಕ ಸಂಡಾಸಿಗೆ ಡಬ್ಬ ಹಿಡಿದು ಸಾಲು ನಿಲ್ಲುತ್ತಿದ್ದೆ ಎಂದು ಯಾರು ಹೇಳಿಕೊಳ್ಳುತ್ತಾರೆ?

ಒಂದು ಬೆಳಗ್ಗೆ ಮಲಾಡಿನಲ್ಲಿ ಗಾಡಿ ನಿಂತಾಗ ಬಾಗಿಲಿನಿಂದ ಆ ದನಿ ಕೇಳಿತು. “ಮಗಾ! ಎಂಚ ಉಲ್ಲ?” ಹೇಗಿದ್ದೀ ಎಂದು ತುಳುವಿನಲ್ಲಿ ಇಡೀ ಕಂಪಾರ್ಟ್‌ಮೆಂಟಿಗೆ ಕೇಳುವ ಹಾಗೆ. ಹಸಿರು ಸೀರೆ, ಎರಡು ಚೀಲ, ಮುಖದ ತುಂಬ ನಗು. ನಾನು ಸ್ಪಷ್ಟವಾಗಿ ಕಂಡೆ. ಕಂಡ ಮರುಕ್ಷಣ ಕನ್ನಡಕ ತೆಗೆದೆ, ಪೆಟ್ಟಿಗೆ ಮುಚ್ಚಿದೆ. ಹಸಿರು ಮುದ್ದೆಯೊಂದು ಜನರನ್ನು ಸೀಳಿಕೊಂಡು ನನ್ನತ್ತ ಬಂತು. ಮುಖದ ಹತ್ತಿರ ಬಗ್ಗಿ, “ನಾನು, ಮಗಾ!” ಎಂದಿತು.

“ಅಯ್ಯೋ, ಕನ್ನಡಕ ಇಲ್ಲ… ಗೊತ್ತಾಗಲಿಲ್ಲ,” ಎಂದು ಗೊಣಗಿದೆ.

ಶಿರೀನ್ ಕೇಳಿದಳು, “ಹೂ ಈಸ್ ಶಿ, ವಿನ್ನಿ?”

ನಾನು ಇಂಗ್ಲಿಷಿನಲ್ಲಿ ಹೇಳಿದೆ, ನಮ್ಮ ಬಿಲ್ಡಿಂಗಿಗೆ ಹಪ್ಪಳ ತರುವವಳು ಎಂದು.

ಚಿಕ್ಕಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಇಪ್ಪತ್ತೈದು ವರ್ಷ ಪಾರ್ಲೆಯ ಹೆಂಗಸರ ಬಾಗಿಲಲ್ಲಿ ನಿಂತವಳಿಗೆ ಅಷ್ಟು ಇಂಗ್ಲಿಷ್ ಬಾರದೆ ಇರುತ್ತದೆಯೇ? ಚಿಕ್ಕಮ್ಮ ಶಿರೀನಳ ಕಡೆ ತಿರುಗಿ ಚೀಲ ಬಿಚ್ಚಿದಳು. “ಹಾಂ ಬಾಯಿ, ಉಡದ್ ಕಾ ಹೈ, ಮೂಂಗ್ ಕಾ ಹೈ. ಏಕದಮ್ ತಾಜಾ. ಯೇ ಮೇಡಂ ಕೋ ಪೂಛೋ, ಇನ್ ಕೇ ಘರ್ ಮೇ ಮೈ ಹೀ ದೇತೀ ಹೂಂ.”

ಮೇಡಂ. ನನ್ನನ್ನು ತೋರಿಸಿ ಮೇಡಂ ಎಂದಳು, ಈ ಮೇಡಂ ಮನೆಗೆ ಹಪ್ಪಳ ಕೊಡುವವಳು ನಾನೇ ಎಂದಳು. ಶಿರೀನ್ ಎರಡು ಕಟ್ಟು ತೆಗೆದುಕೊಂಡಳು. ವಾರವಿಡೀ ನಮ್ಮ ಗ್ರೂಪಿನಲ್ಲಿ ಆ ಹಪ್ಪಳದ್ದೇ ಹೊಗಳಿಕೆ.

ಮಾರನೆಯ ದಿನದಿಂದ ಚಿಕ್ಕಮ್ಮ ಆ ಕಂಪಾರ್ಟ್‌ಮೆಂಟಿಗೆ ಹತ್ತಲಿಲ್ಲ. ನಮ್ಮದು ಗಾಡಿಯ ನಡುವಿನ ಲೇಡೀಸ್. ಅವಳು ಕೊನೆಯ ಲೇಡೀಸ್ ಬಂದು ನಿಲ್ಲುವ ಕಡೆ, ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಲ್ಲತೊಡಗಿದಳು. ಗಾಡಿ ಮಲಾಡಿಗೆ ಒಳಬರುವಾಗ ಮೊದಲು ಆ ತುದಿಯನ್ನೇ ದಾಟಬೇಕು. ಹಾಗಾಗಿ ಪ್ರತಿ ಬೆಳಗ್ಗೆ ಎರಡು ಸೆಕೆಂಡ್ ಅವಳು ನನ್ನ ಕಿಟಕಿಯ ಪಕ್ಕ ಹಿಂದಕ್ಕೆ ಸರಿದುಹೋಗುತ್ತಿದ್ದಳು. ಕನ್ನಡಕ ತೆಗೆಯುವ ಅಗತ್ಯವೇ ಬೀಳದಂತೆ ಏರ್ಪಾಟು ಮಾಡಿಕೊಟ್ಟಿದ್ದಳು.

ಚೌತಿಗೆ ಚಾಳಿಗೆ ಹೋದಾಗ ಮೊದಲಿನ ಹಾಗೇ ಬಡಿಸಿದಳು. ನಾನೇ ಶುರುಮಾಡಿದೆ, “ಚಿಕ್ಕಮ್ಮಾ, ಆವತ್ತು ಕನ್ನಡಕ…”

“ಗೊತ್ತುಂಟು ಮಗಾ. ನಿನ್ನ ಕಣ್ಣು ಚಿಕ್ಕಂದಿನಿಂದಲೂ ಹಾಗೇ ಅಲ್ವಾ. ಪಾಯಸ ಹಾಕಿಸ್ಕೋ,” ಎಂದಳು. ಎಷ್ಟು ಸಲೀಸಾಗಿ ಕೇಸು ಮುಗಿಸಿದಳು ಎಂದರೆ, ನಾನು ನಿರಪರಾಧಿ ಎಂದು ನಾನೇ ನಂಬಿದೆ. ಕಣ್ಣಿನ ಹಿಂಭಾಗದಲ್ಲಿ ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಮಿದುಳು ಅದನ್ನು ನೆಟ್ಟಗೆ ಮಾಡಿ ತೋರಿಸುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ನನ್ನ ಮಿದುಳು ಈ ಕೆಲಸವನ್ನು ಐವತ್ತು ವರ್ಷ ಓವರ್‌ಟೈಮ್ ಮಾಡಿದೆ. ಯಾರು ಚಿಕ್ಕಮ್ಮನ ಹೆಸರು ಎತ್ತಿದರೂ, ನನಗೆ ಆಗ ಕನ್ನಡಕ ಇಲ್ಲದಿದ್ದರೆ ಏನೂ ಕಾಣುತ್ತಿರಲಿಲ್ಲ ನೋಡಿ ಎಂದು ಎಲ್ಲಿಂದಲೋ ಶುರುಮಾಡುತ್ತೇನೆ. ಮೂಗಿನ ಮೇಲಿನ ದಪ್ಪ ಗಾಜನ್ನು ನೋಡಿದವರು ನಂಬುತ್ತಾರೆ.

ಬುಧವಾರ ರಾತ್ರಿ ಊಟವಾದ ಮೇಲೆ ನಿಧಿ ಹತ್ತಿರ ಬಂದು ಕೂತಳು. “ಅಜ್ಜಿ, ಸಚ್ಚೀ ಹೇಳು. ಭಯ ಅಲ್ಲ ನಿಂದು. ನಾನ್ ನೋಡಿದ್ದೀನಿ, ಇಂಜೆಕ್ಷನ್‌ಗೂ ನೀನು ಹೆದರಲ್ಲ.” ಹೊಸ ಕಣ್ಣು ಬಂದಾಗಿನಿಂದ ಈ ಹುಡುಗಿಗೆ ಫ್ಯಾನಿನ ಧೂಳು ಮಾತ್ರವಲ್ಲ, ಇನ್ನೂ ಏನೇನೋ ಕಾಣುತ್ತಿದೆ. ಅವಳಿಗೆ ಎಲ್ಲ ಹೇಳಿದೆ. ಫ್ಲ್ಯಾಟಿನ ಸುಳ್ಳು, ಹಸಿರು ಸೀರೆ, ಮೇಡಂ. ಅವಳು ಸಮಾಧಾನದ ಮಾತು ಆಡುತ್ತಾಳೆ ಎಂದುಕೊಂಡಿದ್ದೆ. “ವೆರಿ ಬ್ಯಾಡ್, ಅಜ್ಜಿ,” ಎಂದಳು. ಯಾಕೋ ಅದು ನನಗೆ ಹಿತವಾಯಿತು. ಎಲ್ಲರೂ ಪಾಪ ಪಾಪ ಎಂದವರೇ; ಐವತ್ತು ವರ್ಷದಲ್ಲಿ ಒಬ್ಬರಾದರೂ ಬೈದರಲ್ಲ.

ಗುರುವಾರ ಫೋನ್ ಮಾಡಿ ಹೌದು ಎಂದೆ. ಮೊದಲು ಬಲಗಣ್ಣು, ಎರಡು ವಾರ ಬಿಟ್ಟು ಎಡಗಣ್ಣು. ಸಾಕ್ಷಿಯನ್ನು ಬಿಟ್ಟುಕೊಡುವ ಮುಂಚೆ ಅದು ಕಂಡದ್ದರಲ್ಲಿ ಉಳಿದ ಒಂದನ್ನು ಬರೆದುಬಿಡಬೇಕು. ನಿಧಿಗೂ ಇದನ್ನು ಹೇಳಿಲ್ಲ.

ಚಿಕ್ಕಮ್ಮನನ್ನು ಕೊನೆಯ ಸಲ ಕಂಡದ್ದು ಒಂದು ಶನಿವಾರ. ಗ್ರೂಪಿಗೆ ರಜೆ, ನಾನೊಬ್ಬಳೇ. ಗಾಡಿ ಒಳಬರುವಾಗ ತುದಿಯಲ್ಲಿ ಅವಳಿರಲಿಲ್ಲ. ನಿಂತ ಮೇಲೆ ನೋಡಿದರೆ, ತಡವಾಗಿ ಬ್ರಿಜ್ ಇಳಿದು ಬಂದವಳು ಸರಿಯಾಗಿ ನನ್ನ ಕಿಟಕಿಯ ಎದುರೇ, ಎರಡು ಮಾರು ದೂರದಲ್ಲಿದ್ದಳು. ನನ್ನ ಕನ್ನಡಕ ಮೂಗಿನ ಮೇಲೇ ಇತ್ತು. ಕರೆಯಬೇಕೆಂದು ಬಾಯಿ ತೆರೆದೆ. ದೇವರಾಣೆ, ಆವತ್ತು ಕರೆಯಬೇಕೆಂದೇ ಇದ್ದೆ. ಚಾಳಿನವರಿಗೆಲ್ಲ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ ಕಣ್ಣು ಅವಳದು, ಜನ್ಮದಲ್ಲಿ ಕನ್ನಡಕ ಹಾಕಿದವಳಲ್ಲ. ನನ್ನನ್ನು ನೆಟ್ಟಗೆ ನೋಡಿದಳು. ಗ್ರೂಪಿಗೆ ರಜೆ, ನನ್ನ ಪಕ್ಕದ ಸೀಟು ಖಾಲಿ ಎಂದು ಹೊರಗೆ ನಿಂತ ಅವಳಿಗೆ ತಿಳಿಯಲಿಲ್ಲ. ಚೀಲಗಳನ್ನು ಎತ್ತಿಕೊಂಡು, ತಲೆ ಮೇಲೆತ್ತಿ, ಗಾಡಿಯ ವೇಳೆ ತೋರಿಸುವ ಇಂಡಿಕೇಟರ್ ಓದುವವಳಂತೆ ಮಾಡುತ್ತಾ ಹಿಂದಿನ ಕಂಪಾರ್ಟ್‌ಮೆಂಟಿನ ಕಡೆಗೆ ಓಡಿದಳು. ಆದರೆ ಕಂಡೂ ಕಾಣದಂತಿರುವ ಅಭ್ಯಾಸ ಅವಳಿಗೆ ಇರಲಿಲ್ಲ. ಓಡುತ್ತಲೇ, ನನ್ನನ್ನು ನೋಡದವಳಂತೆ ಕಣ್ಣು ಇಂಡಿಕೇಟರಿನ ಮೇಲೇ ಇಟ್ಟುಕೊಂಡು, ನನ್ನತ್ತ ನಕ್ಕುಬಿಟ್ಟಳು.