ಒತ್ತುವ ತನಕ ನಿಲ್ಲದ ಟೈಮರ್

ಅಡುಗೆಮನೆಗೆ ಒಂದು ಟೈಮರ್ ಬೇಕು ಎಂದಾಗ ನನ್ನ ಗಂಡ ಬಿದ್ದು ಬಿದ್ದು ನಕ್ಕರು. "ಇಷ್ಟು ವರ್ಷ ಗಡಿಯಾರದ ಮುಖ ನೋಡ್ದೆ ಬೇಯ್ಸಿದವ್ಳು, ಈಗ ಎಂತಕ್ಕೆ ಮಾರಾಯ್ತಿ ಅದು?" ನನಗೆ ಮೈಯೆಲ್ಲ ಉರಿಯಿತು. ಬೇಕಾಗಿದ್ದದ್ದು ನನಗೋಸ್ಕರವೇ? ಅವರಿಗೋಸ್ಕರ.

ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ತಿಂಡಿಗೆ ಮೊದಲು ಇನ್ಸುಲಿನ್ ಸೂಜಿ. ಸೂಜಿಯಾದ ಮೇಲೆ ಅರ್ಧ ಗಂಟೆಯೊಳಗೆ ಹೊಟ್ಟೆಗೆ ಬೀಳಲೇಬೇಕು, ತಡವಾದರೆ ಸಕ್ಕರೆ ಇಳಿದು ಪ್ರಜ್ಞೆ ಹೋಗಬಹುದು ಎಂದು ಡಾಕ್ಟರು ಅವರಿಗಲ್ಲ, ನನಗೆ ಹೇಳಿದ್ದರು. ಈ ಮಹಾಶಯರಿಗೋ ಕಡುಬು ಹಬೆಯಾಡುತ್ತಲೇ ತಟ್ಟೆಗೆ ಬರಬೇಕು, ಆರಿದ್ದನ್ನು ಕೊಟ್ಟರೆ ತಟ್ಟೆ ಸರಿಸಿಬಿಡುತ್ತಾರೆ. ಅದಕ್ಕೆ ನಾನೊಂದು ಕ್ರಮ ಮಾಡಿಕೊಂಡಿದ್ದೆ. ಅಕ್ಕಿತರಿಯ ಉಂಡೆಗಳನ್ನು ಹಬೆಗೆ ಇಟ್ಟ ಕೂಡಲೇ ಅವರಿಗೆ ಸೂಜಿ, ಕಡುಬು ಬೆಂದ ಕೂಡಲೇ ತಿಂಡಿ.

ಬೆಂದದ್ದು ಗೊತ್ತಾಗುತ್ತಿದ್ದದ್ದು ರಸ್ತೆಯಿಂದ. ನಮ್ಮ ತೋಟದ ಕೆಳಗಿನ ತಿರುವಿನಲ್ಲಿ ಹೊರನಾಡಿನ ಬಸ್ಸು ಹಾರ್ನ್ ಹಾಕಿದರೆ ಕಡುಬು ಇಡುವುದು, ಕಳಸಕ್ಕೆ ಮಕ್ಕಳನ್ನು ಒಯ್ಯುವ ಶಾಲೆಯ ಜೀಪು ಹಾರ್ನ್ ಹಾಕಿದರೆ ಇಳಿಸುವುದು. ಈ ಸಾಲಿನ ಮನೆಗಳಲ್ಲೆಲ್ಲ ಹೀಗೆಯೇ. ಒಂದು ದಿನ ಬಸ್ಸೇನೋ ಹೋಯಿತು, ನಾನು ಸೂಜಿ ಹಾಕಿ ಕಾಯಿ ತುರಿಯುತ್ತ ಕೂತೆ. ಜೀಪು ಬರಲೇ ಇಲ್ಲ. ಅವತ್ತು ಯಾವುದೋ ಜಯಂತಿ, ಶಾಲೆಗೆ ರಜೆ! ನೋಡುತ್ತೇನೆ, ಇವರು ಅಡುಗೆಮನೆ ಬಾಗಿಲಲ್ಲಿ ಬೆವರಿ ನಿಂತಿದ್ದಾರೆ, ಕೈ ನಡುಗುತ್ತಿದೆ. ಸಕ್ಕರೆ ನೀರು ಕುಡಿಸಿದ ಮೇಲೆ ಸರಿಹೋದರು. ಅವತ್ತೇ ನಾನು ಟೈಮರಿನ ಮಾತೆತ್ತಿದ್ದು.

ಮೊಬೈಲಿನಲ್ಲೇ ಅಲಾರಂ ಇದೆಯಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಕಿಟಕಿಯ ಒಂದು ಮೂಲೆಯಲ್ಲಿ, ಮೊಬೈಲಿನ ಸಂಸಾರವೆಲ್ಲ ಅಲ್ಲೇ. ಅಲ್ಲಿ ಅದು ಹೊಡೆದುಕೊಂಡರೆ ಅಡುಗೆಮನೆಯಲ್ಲಿ ಕೇಳುವವರು ಯಾರು?

ಮೊದಲು ಕಳಸದ ಪಾತ್ರೆ ಅಂಗಡಿಯಲ್ಲಿ ಟೊಮೆಟೊ ಆಕಾರದ, ಕೀ ಕೊಡುವ ಟೈಮರ್ ತಂದೆ. ನೋಡಲು ಬಲು ಚೆಂದ. ವಾರದೊಳಗೆ ಇನ್ನೇನು ಹೊಡೆಯಬೇಕು ಎನ್ನುವಲ್ಲಿ ಸಿಕ್ಕಿಹಾಕಿಕೊಂಡು ಸುಮ್ಮನಾಯಿತು. ಪುಣ್ಯಕ್ಕೆ ನಾನು ಅದನ್ನು ನಂಬದೆ ಗೋಡೆ ಗಡಿಯಾರವನ್ನೂ ನೋಡುತ್ತಿದ್ದೆ. ಆಮೇಲೆ ತಂದದ್ದು ಬ್ಯಾಟರಿಯದು. ಅದರ ದನಿಯೋ, ಗೂಡಲ್ಲಿ ಕೂತ ಮರಿಹಕ್ಕಿಯದು. ಅದೂ ಒಂದು ನಿಮಿಷ ಕೂಗಿ ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ನಾನು ಹಿತ್ತಿಲಲ್ಲಿದ್ದರೆ ಮುಗಿಯಿತು ಕಥೆ.

ಮೂರನೆಯದಕ್ಕೆ ಇವರ ಜೊತೆ ಚಿಕ್ಕಮಗಳೂರಿಗೇ ಹೋದೆ. ಅಷ್ಟರಲ್ಲಿ ನನಗೆ ಬೇಕಾದದ್ದೇನೆಂದು ಸ್ಪಷ್ಟವಾಗಿತ್ತು. ದನಿ ಜೋರಿರಬೇಕು, ಯಾರಾದರೂ ಬಂದು ಒತ್ತುವ ತನಕ ನಿಲ್ಲಬಾರದು.

"ನಿಲ್ಲಲ್ಲ ಅಮ್ಮ, ಗ್ಯಾರಂಟಿ," ಎಂದ ಅಂಗಡಿಯವನು.

"ಬಾಯಿಮಾತಿನ ಗ್ಯಾರಂಟಿ ಬೇಡ. ಕೂಗ್ಸಿ, ನೋಡೋಣ."

ಕೂಗಿತು. ಬೇರೆ ಗಿರಾಕಿಗಳು ಕಿವಿ ಮುಚ್ಚಿಕೊಂಡರು. ಅವನು ಆಫ್ ಮಾಡಲು ಕೈ ಚಾಚಿದ, "ಮುಟ್ಬೇಡಿ" ಎಂದೆ. ರಸ್ತೆಯಾಚೆ ಗೊಬ್ಬರದಂಗಡಿಯಲ್ಲಿದ್ದ ನನ್ನ ಗಂಡ ಓಡಿ ಬಂದರು. "ಇದೆಂತ ರಂಪ ಮಾರಾಯ್ತಿ? ಎದ್ರಂಗ್ಡಿಗೆ ಕೇಳ್ತಾ ಉಂಟು!"

"ಇದನ್ನೇ ಕೊಡಿ," ಎಂದೆ ಅಂಗಡಿಯವನಿಗೆ.

ಆಮೇಲೆ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಅದೇ ಪಾಠ. ಟೈಮರ್ ಕೂಗುವುದು, ಜಗಲಿಯಿಂದ ಇವರು "ಆ ಶನೀನ ಮೊದ್ಲು ನಿಲ್ಸು ಮಾರಾಯ್ತಿ!" ಎಂದು ಕೂಗುವುದು. ನಾನು ಬೇಕೆಂದೇ ನಿಧಾನವಾಗಿ ಹೋಗಿ ಒತ್ತುತ್ತಿದ್ದೆ.

ಹೀಗಿರುವಾಗ ಬ್ಲಾಸಮ್ ಕಾಲ ಬಂತು. ಹೂಮಳೆ ಬಾರದಿದ್ದರೆ ನಾವು ಕೆರೆಯಿಂದ ಸ್ಪ್ರಿಂಕ್ಲರ್ ಹೊಡೆದೇ ಕಾಫಿಯ ಮೊಗ್ಗು ಅರಳಿಸಬೇಕು. ಪಂಪಿನ ಇಂಜಿನ್ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ಗಿಡ ಅರೆಬರೆ ನೆನೆದರೆ ಹೂ ಕೆಟ್ಟು ವರ್ಷದ ಫಸಲು ಹೋಯಿತೆಂದೇ ಲೆಕ್ಕ. ಈ ವಿಷಯದಲ್ಲಿ ನನ್ನ ಗಂಡ ದೇವರ ಮಾತನ್ನೂ ಕೇಳುವವರಲ್ಲ.

ಅವತ್ತು ಕಡುಬು ಹಬೆಗಿಟ್ಟು, ಸೂಜಿ ಹಾಕಿ, ಟೈಮರ್ ಒತ್ತಿದ್ದೆ. ಇಂಜಿನ್ ನೋಡಿಕೊಳ್ಳುವ ಆಳು ಏದುಸಿರು ಬಿಡುತ್ತ ಅಂಗಳಕ್ಕೆ ಬಂದ. "ಅಯ್ಯಾ, ಮೇಲಿನ ಪೈಪಿನ ಜಾಯಿಂಟ್ ಬಿಟ್ಕಂಡೈತೆ, ವಾಷರ್ ಹೋಗೈತೆ." ಇವರು ಅವನನ್ನು ಬೈಕಿನಲ್ಲಿ ವಾಷರ್ ತರಲು ಕಳಿಸಿ, ತಾವು ಮೇಲೆ ಹೊರಟೇಬಿಟ್ಟರು.

"ಸೂಜಿ ಆಗಿದೆ ರೀ! ಎಲ್ಲಿಗೆ ಹೊರಟ್ರಿ?"

"ಪೈಪ್ ಹಿಡ್ದು ಕಟ್ಟಿ ಬಂದೆ, ಈಗ ಬಂದೆ."

ನನಗೆ ಕೆಟ್ಟ ಕೋಪ ಬಂತು. ಟೈಮರನ್ನು ಅವರ ಅಂಗಿಯ ಜೇಬಿಗೆ ತುರುಕಿ ಗುಂಡಿ ಹಾಕಿದೆ. "ಇದು ಕೂಗಿದ್ರೆ ಎಲ್ಲಾ ಬಿಟ್ಟು ಬರ್ಬೇಕು, ಗೊತ್ತಾಯ್ತಾ?" ಹೂಂಗುಟ್ಟಿ ಹೋದರು.

ಗೋಡೆ ಗಡಿಯಾರದ ಲೆಕ್ಕಕ್ಕೆ ಕಡುಬು ಬೆಂದಿತು. ತಟ್ಟೆ ಹಾಕಿದೆ, ಚಟ್ನಿ ಬಡಿಸಿದೆ. ಬರಲಿಲ್ಲ. ಅಂಗಳಕ್ಕೆ ಬಂದು ಕೂಗಿದೆ. ಕೆರೆ ಬದಿಯ ಇಂಜಿನ್ ಬೋರ್ಗರೆಯುತ್ತಿತ್ತು, ನನ್ನ ದನಿ ನನಗೇ ಕೇಳಲಿಲ್ಲ. ಇನ್ನು ಕಾಯುವುದು ಬೇಡವೆಂದು ಒಲೆ ಆರಿಸಿ, ಜೇನಿನ ಬಾಟಲಿ ಹಿಡಿದು ಮೇಲಕ್ಕೆ ಓಡಿದೆ. ಜಾಯಿಂಟಿನ ಹತ್ತಿರ ನೀರು ಚಿಮ್ಮುತ್ತಿತ್ತು. ಅವರಿಲ್ಲ. ಸುತ್ತ ತಲೆಗಿಂತ ಎತ್ತರದ ರೋಬಸ್ಟಾ ಕಾಫಿ ಗಿಡಗಳು, ಎಲ್ಲಿ ನೋಡಿದರೂ ಎಲೆ, ನೀರು. "ರೀ! ರೀ!" ಎಂದು ಕಿರುಚಿದೆ. ಇಂಜಿನ್ ಎಲ್ಲವನ್ನೂ ನುಂಗುತ್ತಿತ್ತು.

ಹಾಳಾಗಿ ಹೋಗಲಿ ಈ ಹೂವು, ಎಂದುಕೊಂಡೆ. ಕೆಳಗೋಡಿ ಇಂಜಿನ್ನಿನ ಲಿವರ್ ಎಳೆದುಬಿಟ್ಟೆ.

ಒಮ್ಮೆಲೇ ಮೌನ. ಎಲೆಯಿಂದ ನೀರು ತೊಟ್ಟಿಕ್ಕುವುದು ಮೊದಲು ಕೇಳಿತು. ಆಮೇಲೆ, ದೂರದಲ್ಲಿ, ಬಿಡದೆ, ಕೀಂ ಕೀಂ ಕೀಂ.

ಬಿದ್ದೆನೋ ಎದ್ದೆನೋ, ಆ ದನಿ ಹಿಡಿದು ಹೋದೆ. ಮನೆಯ ಕಡೆಗೆಂದು ಹೊರಟವರು ದಾರಿ ತಪ್ಪಿ ಬೇರೆ ಸಾಲಿಗೆ ನುಗ್ಗಿದ್ದರು. ಒಂದು ಗಿಡದ ಬುಡಕ್ಕೆ ಒರಗಿ ಕೂತಿದ್ದರು. ಮೈಯೆಲ್ಲ ಬೆವರು, ಕಣ್ಣು ತೆರೆದಿದ್ದರೂ ನನ್ನ ಗುರುತಿಲ್ಲ. ಜೇಬಿನಲ್ಲಿ ಟೈಮರ್ ಒಂದೇ ಸಮ ಕೂಗುತ್ತಿತ್ತು. ಬೆರಳಲ್ಲಿ ಜೇನು ತೆಗೆದು ಕೆನ್ನೆಯ ಒಳಗೆ ಸವರಿದೆ. "ನುಂಗಿ ರೀ, ನಿಮ್ಮ ಕಾಲಿಗೆ ಬೀಳ್ತೀನಿ, ನುಂಗಿ." ಗಂಟಲು ಅಲುಗಿತು. ಮತ್ತೆ ಸವರಿದೆ.

ಟೈಮರ್ ನಿಲ್ಲಿಸಲೆಂದು ಜೇಬಿಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಕೂಗಲಿ. ಇವರು ಬೈಯುವ ತನಕ ಕೂಗಲಿ. ನನಗೆ ಅಷ್ಟು ಹೆದರಿಕೆ ಜೀವನದಲ್ಲಿ ಎಂದೂ ಆಗಿರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ತುಟಿ ಅಲುಗಾಡಿತು. "ಆ ಶನೀನ... ನಿಲ್ಸು..."

ಕಣ್ಣು ಇನ್ನೂ ಎಲ್ಲೋ ಇತ್ತು. ನಾನು ಒತ್ತಲಿಲ್ಲ. ಇನ್ನೊಂದು ಬೆರಳು ಜೇನು ಬಾಯಿಗಿಟ್ಟೆ. ಅವರು ಅದನ್ನು ನುಂಗಿ, ತಲೆಯೆತ್ತಿ, ನನ್ನನ್ನೇ ನೋಡಿದರು.

"ಕೇಳ್ಲಿಲ್ವಾ ಮಾರಾಯ್ತಿ?"

ಗೊಳೋ ಎಂದು ಅತ್ತುಬಿಟ್ಟೆ. ಆಮೇಲೆ ಒತ್ತಿದೆ.